ಆವಲಪ್ಪ ತಿರಸ್ಕರಿಸಿದ ಪಾರ್ಕು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಆ ಕಾಗದ ಟೈಪ್ ಮಾಡಿದವನು ನಾನೇ. ಆಗ ಊರಿನವರು ಕೇಳಿದಾಗಲೆಲ್ಲ ನಾನಲ್ಲ ಎಂದು ಆಣೆ ಇಟ್ಟು ಹೇಳಿದ್ದೆ. ಆದರೆ ನಮ್ಮ ಬೀದಿಯಲ್ಲಿ ಕನ್ನಡ ಟೈಪ್‌ರೈಟರ್ ಇದ್ದದ್ದು ನನ್ನ ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಮಾತ್ರ. ಅದರಲ್ಲೂ ‘ರ’ ಅಕ್ಷರ ಉಳಿದವುಗಳಿಗಿಂತ ಒಂದು ಕೂದಲೆಳೆ ಮೇಲಕ್ಕೆ ಬೀಳುತ್ತಿತ್ತು. ಹೀಗಾಗಿ ನನ್ನ ಆಣೆಯನ್ನು ಶಿಡ್ಲಘಟ್ಟದಲ್ಲಿ ಒಬ್ಬರೂ ನಂಬಲಿಲ್ಲ.

ಟೈಪ್ ಮಾಡಿಸಿದವರು ನಮ್ಮ ಭಾವ, ಅಂದರೆ ಅಕ್ಕ ಕದಿರಮ್ಮನ ಗಂಡ ಆವಲಪ್ಪ. ಬಯ್ಯಪ್ಪನವರ ಬಿತ್ತನೆ ಕೋಠಿಯಲ್ಲಿ ಅವರಿಗೆ ಕೆಲಸ. ರೇಷ್ಮೆ ಹುಳುವಿನ ಮೊಟ್ಟೆ ತಯಾರಿಸಿ ರೈತರಿಗೆ ಮಾರುವ ಜಾಗ ಅದು. ಚಿಟ್ಟೆ ಹಾಳೆಯ ಮೇಲೆ ಮೊಟ್ಟೆ ಇಟ್ಟು ಮುಗಿಸಿದ ಮೇಲೆ ಆ ತಾಯಿ ಚಿಟ್ಟೆಯನ್ನು ಪುಟ್ಟ ಒರಳಿನಲ್ಲಿ ಅರೆದು, ಒಂದು ಹನಿಯನ್ನು ಗಾಜಿನ ಮೇಲೆ ಬಿಟ್ಟು, ಮೈಕ್ರೋಸ್ಕೋಪಿನಲ್ಲಿ ನೋಡಬೇಕು. ಗಂಟುರೋಗದ ಗುರುತು ಒಂದೇ ಒಂದು ಕಂಡರೂ ಇಡೀ ಲಾಟು ಬೆಂಕಿಗೆ. ಇಲ್ಲದಿದ್ದರೆ ಆ ರೋಗ ಮೊಟ್ಟೆಯ ಜೊತೆಗೇ ರೈತನ ಮನೆಗೆ ಹೋಗಿ, ತಟ್ಟೆ ತಟ್ಟೆ ಹುಳು ಸಾಯಿಸಿ, ಪಕ್ಕದ ಮನೆಗೂ ನಡೆದು ಹೋಗುತ್ತದೆ. ಇಪ್ಪತ್ತೆರಡು ವರ್ಷದಿಂದ ಭಾವ ಮಾಡುತ್ತಿದ್ದದ್ದು ಇದೊಂದೇ ಕೆಲಸ. ಎಡಗಣ್ಣು ಮುಚ್ಚಿ ಬಲಗಣ್ಣಿನಿಂದ ನೋಡಿ ನೋಡಿ, ಕೊನೆಗೆ ಮೈಕ್ರೋಸ್ಕೋಪು ಎದುರಿಗಿಲ್ಲದಾಗಲೂ, ಏನಾದರೂ ಯೋಚನೆ ಬಂದರೆ ಸಾಕು, ಎಡಗಣ್ಣು ತಾನಾಗಿ ಮುಚ್ಚಿಕೊಳ್ಳುತ್ತಿತ್ತು. ಎದುರು ಮನೆಯ ವೆಂಕಟರತ್ನಮ್ಮನವರು ಇದನ್ನು ತಪ್ಪು ತಿಳಿದುಕೊಂಡು ಎರಡು ವರ್ಷ ನಮ್ಮ ಅಕ್ಕನ ಹತ್ತಿರ ಮಾತು ಬಿಟ್ಟಿದ್ದರು.

ಅವರಿಗೆ ತಮ್ಮ ಕೆಲಸದ ಬಗ್ಗೆ ಸ್ವಲ್ಪ ಜಂಬವೂ ಇತ್ತು. ಮಗಳ ಮದುವೆಯ ಲಗ್ನಪತ್ರಿಕೆಯಲ್ಲಿ ಬೀಗರು ತಮ್ಮ ಹೆಸರಿನ ಮುಂದೆ ಬಿ.ಎ. ಎಂದು ಹಾಕಿಸಿದ್ದಕ್ಕೆ, ಇವರು ‘ಆವಲಪ್ಪ, ಮೈಕ್ರೋಸ್ಕೋಪ್’ ಎಂದು ಹಾಕಿಸಿದರು. ಅದನ್ನು ಟೈಪ್ ಮಾಡಿಕೊಟ್ಟವನೂ ನಾನೇ.

ಇನ್ನು ಪಾರ್ಕಿನ ವಿಷಯ. ನನ್ನ ಇನ್‌ಸ್ಟಿಟ್ಯೂಟಿನ ಎದುರಿಗೆ ಖಾಲಿ ಜಾಗವೊಂದಿತ್ತು. ರೇಷ್ಮೆ ನೂಲು ತೆಗೆಯುವ ನಾಲ್ಕು ಫಿಲೇಚರುಗಳ ಯಜಮಾನರಾದ ಕೋನಪ್ಪನವರು ಎಂಬತ್ತಾರನೇ ಇಸವಿಯಲ್ಲಿ ಆ ಜಾಗಕ್ಕೆ ಬೇಲಿ ಹಾಕಿಸಿ, ಒಂದು ಜಾರುಬಂಡೆ, ಎರಡು ಉಯ್ಯಾಲೆ, ಒಂದು ಕಲ್ಲು ಬೆಂಚು ಇಡಿಸಿ, ‘ಶ್ರೀಮತಿ ಓಬಳಮ್ಮನವರ ಮಕ್ಕಳ ಉದ್ಯಾನ’ ಎಂದು ಬೋರ್ಡು ಬರೆಸಿದರು. ಓಬಳಮ್ಮನವರು ಅವರ ತಾಯಿ. ಇಂಥ ಬೋರ್ಡಿನಲ್ಲಿ ಹೆಸರಿರುವವರು ಸಾಮಾನ್ಯವಾಗಿ ಬದುಕಿರುವುದಿಲ್ಲ. ಇವರು ಮಾತ್ರ ಎಂಬತ್ತು ದಾಟಿ ಗಟ್ಟಿಮುಟ್ಟಾಗಿದ್ದು, ದಿನಾ ಸಾಯಂಕಾಲ ಬರಿಗಾಲಲ್ಲಿ ನಡೆದು ಬಂದು ತಮ್ಮದೇ ಹೆಸರಿನ ಕೆಳಗೆ ಬೆಂಚಿನ ಮೇಲೆ ಕೂತು ಎಲೆಯಡಿಕೆ ಹಾಕಿಕೊಳ್ಳುತ್ತಿದ್ದರು. ಮಕ್ಕಳು ಬಿದ್ದರೆ ಪೆಟ್ಟಾಗದಿರಲಿ ಎಂದು ಕೋನಪ್ಪನವರು ಜಾರುಬಂಡೆಯಿಂದ ಉಯ್ಯಾಲೆಯವರೆಗೆ ಮೂರು ಗಾಡಿ ನುಣ್ಣನೆಯ ಮರಳು ಹಾಕಿಸಿದ್ದರು.

ಮಕ್ಕಳಿಗಿಂತ ಮೊದಲು ಆ ಮರಳನ್ನು ಮೆಚ್ಚಿದ್ದು ಬೆಕ್ಕುಗಳು. ನಮ್ಮೂರಲ್ಲಿ ಬೆಕ್ಕಿಗೆ ಮರ್ಯಾದೆ ಜಾಸ್ತಿ. ಇಲಿ ನುಗ್ಗಿದರೆ ಒಳಗಿನ ಹುಳುವಿನ ಆಸೆಗೆ ರೇಷ್ಮೆ ಗೂಡನ್ನೇ ಕಚ್ಚಿ ಹಾಳು ಮಾಡುತ್ತದೆಂದು ಗೂಡಿಡುವ ಪ್ರತಿ ಮನೆಯಲ್ಲೂ ಎರಡೆರಡು ಬೆಕ್ಕು ಸಾಕಿದ್ದರು. ನಾಯಿಗಳದು ಬೇರೆ ಕಥೆ. ನೂಲು ತೆಗೆದ ಮೇಲೆ ಉಳಿಯುವ ಬೆಂದ ಹುಳುಗಳನ್ನು ಫಿಲೇಚರಿನ ಹಿಂದೆ ರಾಶಿ ಹಾಕುತ್ತಾರಲ್ಲ, ಅದನ್ನು ತಿಂದು ತಿಂದು ಅವು ಕರುಗಳಷ್ಟು ಬೆಳೆದಿದ್ದವು. ಕೋನಪ್ಪನವರ ಫಿಲೇಚರಿನ ಹಿಂದೆ ಊಟ, ಕೋನಪ್ಪನವರ ಪಾರ್ಕಿನಲ್ಲಿ ಮಿಕ್ಕಿದ್ದು. ವ್ಯವಸ್ಥೆ ಅಚ್ಚುಕಟ್ಟಾಗಿತ್ತು.

ಹೀಗಿರುವಾಗ ಎಂಬತ್ತೇಳರ ಆಷಾಢದಲ್ಲಿ ಭಾವನವರ ಮೊಮ್ಮಗಳು ರತ್ನಳ ಅಂಗಾಲಿನ ಪಕ್ಕ ಒಂದು ಕೆಂಪು ಗೆರೆ ಎದ್ದಿತು. ಐದು ವರ್ಷದ ಮಗು. ಹೊಸ ಚಪ್ಪಲಿ ಸವೆಯಬಾರದೆಂದು ಅದನ್ನು ಬೆಂಚಿನ ಮೇಲೆ ಜೋಡಿಸಿಟ್ಟು ಮರಳಲ್ಲಿ ಆಡುವವಳು. ಮೊದಲ ದಿನ ಗೆರೆ ಬೆರಳಿನ ಗೆಣ್ಣಿನಷ್ಟಿತ್ತು. ಮರುದಿನ ಇನ್ನೊಂದು ಗೆಣ್ಣು ಬೆಳೆದಿತ್ತು, ಅದೂ ಅಂಕುಡೊಂಕಾಗಿ. ತುರಿಕೆ ತಡೆಯಲಾರದೆ ಮಗು ಹಗಲೆಲ್ಲ ಕಾಲನ್ನು ಹೊಸಿಲಿಗೆ ಉಜ್ಜುತ್ತಿತ್ತು.

“ಇದು ಸರ್ಪಸುತ್ತೇ ಕಣೋ ವೆಂಕಟೇಶ. ತಲೆ ಬಾಲ ಕೂಡಿಬಿಟ್ರೆ ಏನ್ ಗತಿ?” ಎಂದು ಅಕ್ಕ ನನ್ನ ಮುಂದೆ ಅತ್ತಳು. ಕುಂಬಾರರ ಮನೆಯಿಂದ ಕೆಮ್ಮಣ್ಣು ತರಿಸಿ, ಮಗುವಿನ ಕಾಲಿನ ಮೇಲೆ ಹಾವು ಬರೆಸಿ, ಹಾವಿನ ಮೇಲೆ ಸಿಂಹವನ್ನೂ ಬರೆಸಿದಳು. ಗೆರೆ ಸಿಂಹದ ಹೊಟ್ಟೆಯ ಕೆಳಗೆ ಹಾದು ಹಿಮ್ಮಡಿಯ ಕಡೆಗೆ ತಿರುಗಿತು. ಭಾವ ದಿನಾ ಬೆಳಿಗ್ಗೆ ಸ್ಕೇಲು ಹಿಡಿದು ಅಳೆದು ಕ್ಯಾಲೆಂಡರಿನಲ್ಲಿ ಬರೆಯುತ್ತಿದ್ದರು. ಐದನೆಯ ದಿನ ಸ್ಕೇಲನ್ನು ಕೆಳಗಿಟ್ಟು, “ಇದು ಹಾವಲ್ಲ ಕಣೇ. ಯಾವುದೋ ಜೀವ ದಾರಿ ಹುಡುಕ್ತಾ ಐತೆ. ನಡಿ ಆಸ್ಪತ್ರೆಗೆ” ಎಂದರು.

ಆಸ್ಪತ್ರೆಯ ಡಾಕ್ಟರಮ್ಮ ಸಿಂಹವನ್ನು ಸ್ಪಿರಿಟಿನಿಂದ ಒರೆಸಿ, ಒಂದೇ ಸಲ ನೋಡಿ ಕೇಳಿದರು: “ಮಗು ಬರಿಗಾಲಲ್ಲಿ ಮರಳಲ್ಲಿ ಆಡ್ತಾಳಾ?”

“ಹೂಂ ಡಾಕ್ಟ್ರೇ. ಪಾರ್ಕಲ್ಲಿ.”

“ಅಲ್ಲಿ ನಾಯಿ, ಬೆಕ್ಕು ಗಲೀಜು ಮಾಡ್ತಾವೆ, ಅಲ್ವಾ? ಅವುಗಳ ಹೊಟ್ಟೆ ಹುಳದ ಮೊಟ್ಟೆ ಅದರ ಜೊತೆ ಬೀಳುತ್ತೆ. ಮರಳಲ್ಲೇ ಮರಿಯಾಗುತ್ತೆ. ಕಾಲಿಟ್ರೆ ಚರ್ಮದೊಳಗೆ ತೂರ್ಕೊಳ್ಳುತ್ತೆ. ನಮ್ಮ ಮೈಯಲ್ಲಿ ಅದಕ್ಕೆ ದಾರಿ ಗೊತ್ತಾಗಲ್ಲ, ಸುಮ್ನೆ ಅಲೀತಾ ಇರುತ್ತೆ. ಇದು ವಾಸಿಯಾಗುತ್ತೆ, ಭಯ ಬೇಡ. ಆದ್ರೆ ಇನ್ನೊಂದು ತರದ ಹುಳ ಇದೆ. ಅದರ ಮೊಟ್ಟೆ ಮಕ್ಕಳ ಕೈಯಿಂದ ಬಾಯಿಗೆ ಹೋದ್ರೆ ಕೆಲವು ಸಲ ಕಣ್ಣಿಗೆ ಹೋಗಿ ಕೂತ್ಕೊಳ್ಳುತ್ತೆ.”

“ಕಣ್ಣಿಗಾ?” ಎಂದರು ಭಾವ.

ಇಪ್ಪತ್ತೆರಡು ವರ್ಷ ಒಂದು ಕಣ್ಣಿನಿಂದ ಸಂಸಾರ ಸಾಕಿದ ಮನುಷ್ಯ. ಡಾಕ್ಟರಮ್ಮ ಮಾತ್ರೆ ಪುಡಿಮಾಡಿ ಮುಲಾಮಿನಲ್ಲಿ ಕಲಸಿ ಕೊಟ್ಟದ್ದನ್ನು ಅಕ್ಕನ ಕೈಗಿತ್ತು, ಮನೆಗೂ ಹೋಗದೆ ನೇರ ಕೋನಪ್ಪನವರ ಹತ್ತಿರ ನಡೆದರು. ದಾರಿಯಲ್ಲಿ ನನ್ನನ್ನು ಕಿಟಕಿಯಿಂದಲೇ ಕರೆದು ಜೊತೆಗೆ ಎಳೆದುಕೊಂಡು ಹೋದರು. “ಆ ಮರಳು ಅಲ್ಲಿಂದ ಖಾಲಿ ಆಗೋವರ್ಗೂ ನಾನ್ ಬಿಡಲ್ಲ ವೆಂಕಟೇಶ” ಎಂದರು. ಅವರು ಬಿಡುವುದಿಲ್ಲ ಎಂದರೆ ಬಿಡುವುದಿಲ್ಲ. ಮದುವೆಯಲ್ಲಿ ಮುನಿದು ಕೂತಾಗ ನಮ್ಮಪ್ಪನಿಂದ ಸೈಕಲ್ ಕೊಡಿಸಿಕೊಂಡೇ ಎದ್ದವರು.

ಕೋನಪ್ಪನವರು ದೊಡ್ಡ ಆಸಾಮಿ. ಬಿಳಿ ಪ್ಯಾಂಟು, ಬಿಳಿ ಶರಟು, ಬಿಳಿ ಬೂಟು. ಎಲ್ಲವನ್ನೂ ಕೇಳಿಸಿಕೊಂಡು, ಬೇಸರಪಟ್ಟುಕೊಂಡರು.

“ಏನಪ್ಪಾ ಆವಲಪ್ಪ, ನಮ್ಮಮ್ಮನ ಹೆಸರಲ್ಲಿ ಹಾಕ್ಸಿರೋ ಮರಳು ಅದು. ಅದರಲ್ಲಿ ಹುಳ ಅಂತೀಯಲ್ಲ? ಬಾಯಲ್ಲಿ ಯಾರ್ ಏನ್ ಬೇಕಾದ್ರೂ ಅಂತಾರೆ. ಪ್ರೂಫ್ ಎಲ್ಲೈತೆ? ಬರವಣಿಗೇಲಿ ತೋರ್ಸು. ನೋಡಣ.”

ಈ ಮಾತನ್ನು ಬೇರೆ ಯಾರಿಗೆ ಹೇಳಿದ್ದರೂ ಅಲ್ಲಿಗೆ ಮುಗಿಯುತ್ತಿತ್ತು. ಪ್ರೂಫ್ ತೋರಿಸು ಎಂದು ಮೈಕ್ರೋಸ್ಕೋಪಿನವರಿಗೆ ಹೇಳಬಾರದಿತ್ತು.

ಮರುದಿನ ಬೆಳಿಗ್ಗೆಯಿಂದ ಭಾವನವರು ಚಿಟ್ಟೆ ತುಂಬುವ ಸಣ್ಣ ಡಬ್ಬಿಗಳನ್ನು ತೆಗೆದುಕೊಂಡು ಪಾರ್ಕಿನ ಮರಳಿನ ನಾಲ್ಕು ಮೂಲೆಯಿಂದಲೂ ಎರಡೆರಡು ತುಂಬಿಸಿ, ಒಂದೊಂದಕ್ಕೂ ನಂಬರು ಬರೆದರು. ಮಾದರಿ ಎಲ್ಲಿಂದ ಬಂತು ಎನ್ನುವುದಕ್ಕೆ ಲೆಕ್ಕ ಇರಬೇಕೆಂದು, ಯಾವ ಪ್ರಾಣಿ ಎಲ್ಲಿ ಎಷ್ಟು ಹೊತ್ತಿಗೆ ಕೂತಿತು ಎಂದು ನೋಟುಪುಸ್ತಕದಲ್ಲಿ ಬರೆದುಕೊಳ್ಳತೊಡಗಿದರು. ಮೂರನೆಯ ದಿನ ವೆಂಕಟರತ್ನಮ್ಮನವರು ನನ್ನ ಇನ್‌ಸ್ಟಿಟ್ಯೂಟಿಗೇ ಬಂದರು. ಹದಿನಾಲ್ಕು ಜನ ಟೈಪ್ ಹುಡುಗಿಯರೂ ಕೈ ನಿಲ್ಲಿಸಿದರು.

“ನೋಡಪ್ಪ ವೆಂಕಟೇಶ, ನಿಮ್ ಭಾವ ನಮ್ ಬೆಕ್ಕಿನ ಹಿಂದೆ ಪುಸ್ತಕ ಹಿಡ್ಕೊಂಡು ತಿರುಗ್ತಾವ್ರೆ. ಅದು ಕೂತ್ಕೊಳ್ಳಕ್ ಹೋದ್ರೆ ಇವ್ರೂ ಎದ್ರಿಗೆ ಕೂತ್ಕೊಂಡು ಒಂದ್ ಕಣ್ ಮುಚ್ಚಿ ನೋಡ್ತಾರೆ. ಮೂರ್ ದಿನದಿಂದ ಅದಕ್ಕೆ ಹೊಟ್ಟೆ ಕಟ್ಕೊಂಡೈತೆ!”

ನಾನು ಸಮಾಧಾನ ಹೇಳಿ ಕಳಿಸಿದೆ. ಬೆಕ್ಕಿಗೆ ಹರಳೆಣ್ಣೆ ಕುಡಿಸಿ ಎಂದೂ ಹೇಳಿದೆ. ಅವರು ಕುಡಿಸಿದರು. ಅದರ ಫಲವೂ ಪಾರ್ಕಿಗೇ ಬಂತು.

ಕೋಠಿಯಲ್ಲಿ ಪರೀಕ್ಷೆ ಸುಲಭವಾಗಲಿಲ್ಲ. ಚಿಟ್ಟೆ ಅರೆದು ಅಭ್ಯಾಸವಾದ ಭಾವ ಮೊದಲು ಮರಳನ್ನೂ ಒರಳಿಗೆ ಹಾಕಿ ಅರೆದರು. ಒರಳಿಗೆ ಗೀರು ಬಿತ್ತು, ಗಾಜು ಮೂರು ಒಡೆದವು. ಆಮೇಲೆ ನೆನಪಾಯಿತು, ಜೊಳ್ಳು ಮೊಟ್ಟೆಯನ್ನು ಉಪ್ಪುನೀರಿನಲ್ಲಿ ತೇಲಿಸಿ ತೆಗೆಯುವ ಪದ್ಧತಿ ಇದೆಯಲ್ಲ! ಮರಳಿಗೆ ಉಪ್ಪುನೀರು ಹಾಕಿ ಕಲಕಿ ಬಿಟ್ಟರು. ಮರಳು ತಳಕ್ಕೆ ಕೂತಿತು. ಮೇಲೆ ತೇಲಿದ ಹನಿಯನ್ನು ಗಾಜಿನ ಮೇಲಿಟ್ಟು ಎಡಗಣ್ಣು ಮುಚ್ಚಿದರು. ಎಂಟು ಡಬ್ಬಿಯಲ್ಲಿ ಆರರಲ್ಲಿ ದುಂಡನೆಯ, ದಪ್ಪ ಸಿಪ್ಪೆಯ ಮೊಟ್ಟೆಗಳಿದ್ದವು. ಆ ಗಾಜುಗಳನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಹೋಗಿ ಡಾಕ್ಟರಮ್ಮನಿಗೂ ತೋರಿಸಿದರು. ಆಯಮ್ಮ ಆಸ್ಪತ್ರೆಯ ಮೈಕ್ರೋಸ್ಕೋಪಿನಲ್ಲಿ ನೋಡಿ, “ಹೌದು, ಅದೇ. ನಿಮಗೆ ಇದನ್ನ ಯಾರು ಕಲಿಸಿದ್ರು?” ಎಂದು ಕೇಳಿದರಂತೆ. ಭಾವ ನನಗೆ ಇದನ್ನು ನಾಲ್ಕು ಸಲ ಹೇಳಿದರು.

ಅಲ್ಲಿಯವರೆಗೆ ಅವರು ಮಾಡಿದ್ದೆಲ್ಲ ಸರಿಯಾಗಿಯೇ ಇತ್ತು. ತಪ್ಪಿದ್ದು ಬರವಣಿಗೆಯಲ್ಲಿ.

ಅವರಿಗೆ ಗೊತ್ತಿದ್ದ ಬರವಣಿಗೆ ಒಂದೇ. ಕೋಠಿಯ ಗುಲಾಬಿ ಬಣ್ಣದ ತಿರಸ್ಕಾರ ಫಾರಂ. ಮೇಲೆ ದಪ್ಪ ಅಕ್ಷರದಲ್ಲಿ ಬಯ್ಯಪ್ಪನವರ ಕೋಠಿಯ ಹೆಸರು. ಅದರ ಕೆಳಗೆ, ‘ಗಂಟುರೋಗ ಕಂಡುಬಂದಿರುವುದರಿಂದ ಈ ಲಾಟನ್ನು ತಿರಸ್ಕರಿಸಲಾಗಿದೆ. ತಕ್ಷಣ ಸುಟ್ಟು ನಾಶಪಡಿಸತಕ್ಕದ್ದು’ ಎಂದು ಅಚ್ಚಾಗಿರುತ್ತದೆ. ಕೆಳಗೆ ಲಾಟಿನ ಹೆಸರು, ತಾರೀಖು, ಷರಾ, ಪರೀಕ್ಷಕರ ರುಜು. ಅದನ್ನು ನನ್ನ ಮೇಜಿನ ಮೇಲಿಟ್ಟು, “ಲಾಟಿನ ಹೆಸರು, ಶ್ರೀಮತಿ ಓಬಳಮ್ಮನವರ ಮಕ್ಕಳ ಉದ್ಯಾನ. ಷರಾ, ನಾಯಿ ಬೆಕ್ಕು ಎಂಟಕ್ಕೆ ಆರು. ಟೈಪ್ ಮಾಡು” ಎಂದರು.

“ಭಾವ, ಇಲ್ಲಿ ಗಂಟುರೋಗ ಅಂತ ಅಚ್ಚಾಗೈತಲ್ಲ. ಹೊಡೆದು ಹಾಕಣ?”

“ಹೊಡೆದು ಹಾಕಿದ ಫಾರಂ ನಡೆಯಲ್ಲ ಕಣಪ್ಪ. ಇಪ್ಪತ್ತೆರಡು ವರ್ಷದಲ್ಲಿ ನಾನ್ ಒಂದ್ ಫಾರಂನೂ ಗೀಚಿಲ್ಲ. ಷರಾದಲ್ಲಿ ನಾಯಿ ಬೆಕ್ಕು ಅಂತ ಐತಲ್ಲ, ಓದ್ದೋರಿಗೆ ಅರ್ಥ ಆಗುತ್ತೆ.”

ನಾನು ಟೈಪ್ ಮಾಡಿದೆ. ಕಾಗುಣಿತ ತಪ್ಪದಂತೆ ಟೈಪ್ ಮಾಡುವುದು ನನ್ನ ಕೆಲಸ, ಅರ್ಥ ನೋಡುವುದು ಮಾಡಿಸಿದವರ ಕೆಲಸ. ಒಂದು ಪ್ರತಿ ಕೋನಪ್ಪನವರ ಮನೆಗೆ ಹೋಯಿತು. ಇನ್ನೊಂದನ್ನು ಭಾವ ರುಜು ಹಾಕಿ, ಸೀಲು ಒತ್ತಿ, ಪಾರ್ಕಿನ ಗೇಟಿಗೆ ಮೈದಾಹಿಟ್ಟಿನ ಅಂಟಿನಲ್ಲಿ ಅಂಟಿಸಿದರು. ಕೋಠಿಯಲ್ಲಿ ತಿರಸ್ಕಾರವಾದ ಲಾಟಿನ ಬಾಗಿಲಿಗೆ ಹಾಗೆಯೇ ಅಂಟಿಸುವುದು ಪದ್ಧತಿ.

ಬಸ್ ಸ್ಟಾಂಡಿನಿಂದ ಗೂಡಿನ ಮಾರುಕಟ್ಟೆಗೆ ಹೋಗುವ ದಾರಿ ಆ ಗೇಟಿನ ಮುಂದೆಯೇ ಹಾದುಹೋಗುತ್ತದೆ. ಬೆಳಿಗ್ಗೆ ಎಂಟಕ್ಕೆ ಗೂಡಿನ ಮೂಟೆ ಹೊತ್ತು ಬಂದ ಮಂಡಿಕಲ್ಲಿನ ಗಂಗುಲಪ್ಪ ಗುಲಾಬಿ ಬಣ್ಣ ಕಂಡವನೇ ನಿಂತುಬಿಟ್ಟ. ಹುಳ ಸಾಕುವವರಿಗೆ ಆ ಬಣ್ಣ ಕಂಡರೆ ಎದೆ ಹಾರುತ್ತದೆ. ಅವನು ಷರಾದವರೆಗೆ ಓದಲೇ ಇಲ್ಲ. ‘ಗಂಟುರೋಗ’ ಎನ್ನುವಲ್ಲಿಗೆ ಮೂಟೆ ಕೆಳಗಿಳಿಸಿ, “ಅಯ್ಯಯ್ಯೋ! ಬಯ್ಯಪ್ಪನ ಕೋಠೀಗೆ ಗಂಟುರೋಗ ಬಂದೈತಂತಪ್ಪೋ!” ಎಂದು ಕೂಗಿದ.

ಆಮೇಲೆ ಅದನ್ನು ಯಾರೂ ಓದುವ ಅಗತ್ಯ ಬೀಳಲಿಲ್ಲ. ಒಂಬತ್ತು ಗಂಟೆಗೆ ಮಾರುಕಟ್ಟೆಯಲ್ಲಿ, ರೋಗದ ಮೊಟ್ಟೆಗಳನ್ನು ಕದ್ದುಮುಚ್ಚಿ ಪಾರ್ಕಿನ ಮರಳಲ್ಲಿ ಹೂತಿದ್ದಾರೆ ಎಂದಾಗಿತ್ತು. ಹತ್ತೂವರೆಯ ಬಸ್ಸು ಚಿಂತಾಮಣಿ ಸೇರುವಷ್ಟರಲ್ಲಿ ತಾಲೂಕಿನ ಮೊಟ್ಟೆಯನ್ನೆಲ್ಲ ಸುಡಲು ಆರ್ಡರ್ ಆಗಿತ್ತು. ಗೌರಿಬಿದನೂರಿನಲ್ಲಿ ಬಯ್ಯಪ್ಪನವರಿಗೆ ಬೇಡಿ ಹಾಕಿದ್ದನ್ನು ಕಣ್ಣಾರೆ ಕಂಡವರಿದ್ದರು. ಇತ್ತ ನಮ್ಮ ಬೀದಿಯಲ್ಲಿ ಜನ ಪಾರ್ಕಿನ ಪಕ್ಕ ನಡೆಯುವುದನ್ನೇ ಬಿಟ್ಟು ಆಚೆ ಬದಿಗೆ ಹೋದರು. ಒಬ್ಬ ತನ್ನ ಸೈಕಲ್ಲಿನ ಎರಡೂ ಚಕ್ರಗಳನ್ನು ಫಾರ್ಮಲಿನ್‌ನಲ್ಲಿ ತೊಳೆದ. ನನ್ನ ಟೈಪ್ ಹುಡುಗಿಯರು ಮನೆಗೆ ಹೋದರೆ, ಅವರ ತಾಯಂದಿರು ಬಾಗಿಲಲ್ಲೇ ನಿಲ್ಲಿಸಿ ಬ್ಲೀಚಿಂಗ್ ಪೌಡರ್ ನೀರಿನಲ್ಲಿ ಕಾಲದ್ದಿಸಿ ಒಳಗೆ ಬಿಟ್ಟರಂತೆ. ಒಳಗೆ ಹುಳ ನಾಲ್ಕನೇ ಜ್ವರದಲ್ಲಿ, ಅಂದರೆ ಗೂಡು ಕಟ್ಟುವ ಮುಂಚೆ ಕೊನೆಯ ಸಲ ಪೊರೆ ಬಿಡುವ ಹೊತ್ತಿನಲ್ಲಿ, ಇದ್ದವು ನೋಡಿ.

ಮಧ್ಯಾಹ್ನ ಬಯ್ಯಪ್ಪನವರು ನನ್ನ ಹತ್ತಿರ ಬಂದರು. ಬೇಡಿ ಇರಲಿಲ್ಲ. ಮುಖ ಮಾತ್ರ ಬೇಡಿ ಹಾಕಿಸಿಕೊಂಡವರದೇ. “ಎಲ್ಲಪ್ಪಾ ನಿನ್ ಭಾವ? ಬೆಳಿಗ್ಗೆಯಿಂದ ಒಂದ್ ಹಾಳೆ ಮೊಟ್ಟೆ ಹೋಗಿಲ್ಲ. ತಗೊಂಡೋರೂ ವಾಪಸ್ ತಂದು ಬಾಗಿಲಲ್ಲಿ ಎಸೀತಾವ್ರೆ. ಇವತ್ತು ಸಾಯಂಕಾಲ ಜನರ ಮುಂದೆ ತಪ್ಪಾಯ್ತು ಅಂತ ಬರ್ಕೊಟ್ರೆ ಸರಿ. ಇಲ್ದಿದ್ರೆ ನಾಳೆಯಿಂದ ಕೆಲಸಕ್ಕೆ ಬರೋದು ಬೇಡ ಅಂತೇಳು.”

ಅವರ ಹಿಂದೆಯೇ ಕೋನಪ್ಪನವರ ಮನೆಯಿಂದ ಕಾಗದ ಬಂತು. ಬರೆದುಕೊಡಬೇಕಾದ ಮಾತುಗಳನ್ನು ಅವರೇ ಬರೆದು ಕಳಿಸಿದ್ದರು: ‘ಉದ್ಯಾನದಲ್ಲಿ ಯಾವ ದೋಷವೂ ಇರುವುದಿಲ್ಲ. ನಾನು ತಿಳುವಳಿಕೆಯಿಲ್ಲದೆ ಬರೆದಿರುತ್ತೇನೆ. ಕ್ಷಮೆ ಇರಲಿ.’ ಟೈಪ್ ಮಾಡಿಡುವಂತೆ ನನಗೆ ಅಪ್ಪಣೆ. ಮಾಡಿದೆ. ನಾಚಿಕೆಯಾಯಿತು, ಆದರೂ ಮಾಡಿದೆ.

ನಾಲ್ಕು ಗಂಟೆಗೆ ಪಾರ್ಕಿನ ಮುಂದೆ ಜಾಗವಿರಲಿಲ್ಲ. ಸುತ್ತಲ ಊರುಗಳ ರೈತರು, ಬಯ್ಯಪ್ಪನವರು, ಬಿಳಿ ಬೂಟಿನ ಕೋನಪ್ಪನವರು, ನಮ್ಮ ಅಕ್ಕನ ಸೊಂಟದ ಮೇಲೆ ರತ್ನ. ರಾಜ್‌ದೂತ್ ಮೋಟಾರ್ ಸೈಕಲ್ಲಿನಲ್ಲಿ ರೇಷ್ಮೆ ಇನ್‌ಸ್ಪೆಕ್ಟರು ಬಂದರು. ಅವರು ಗೇಟಿನ ಮೇಲಿನ ಫಾರಂ ಅನ್ನು ಎರಡು ಸಲ ಓದಿದರು. ಆಮೇಲೆ ಭಾವನವರ ಕಡೆ ತಿರುಗಿದರು.

“ಏನ್ರೀ ಇದು ಆವಲಪ್ಪ? ಷರಾದಲ್ಲಿ ನಾಯಿ ಬೆಕ್ಕು ಅಂತ ಇದೆ. ಬಿತ್ತನೇಲಿ ಗಂಟುರೋಗ ಇದೆಯೋ ಇಲ್ವೋ?”

“ಇಲ್ಲ ಸಾರ್. ನಮ್ ಕೋಠೀಲಿ ಒಂದೂ ಇಲ್ಲ. ಇದು ಈ ಮರಳಿನ ಲಾಟು. ಇದರಲ್ಲಿ ನಾಯಿ ಬೆಕ್ಕಿನ ಹೊಟ್ಟೆ ಹುಳದ ಮೊಟ್ಟೆ ಐತೆ. ಆಡೋ ಮಕ್ಕಳ ಕಾಲಿಗೆ ಹೋಗ್ತದೆ. ಕಣ್ಣಿಗೂ ಹೋಗ್ಬೋದು ಅಂತ ಡಾಕ್ಟ್ರು ಹೇಳವ್ರೆ.”

“ಹಂಗಾದ್ರೆ ರೇಷ್ಮೆಗೆ ಏನೂ ಇಲ್ಲ?”

“ರೇಷ್ಮೆಗೆ ಏನೂ ಇಲ್ಲ.”

ಇನ್‌ಸ್ಪೆಕ್ಟರು ಜನರ ಕಡೆ ತಿರುಗಿ ಕೈ ಎತ್ತಿದರು. “ಕೇಳ್ರಪ್ಪಾ, ಹುಳಕ್ಕೆ ಏನೂ ತೊಂದ್ರೆ ಇಲ್ಲ! ಬರೀ ಮಕ್ಕಳಿಗಂತೆ!”

ಜನರೆಲ್ಲ ‘ಉಸ್ಸಪ್ಪಾ’ ಎಂದು ನಿಟ್ಟುಸಿರು ಬಿಟ್ಟರು. ಗಂಗುಲಪ್ಪ ನಕ್ಕೇಬಿಟ್ಟ. “ಥೂ, ಇಷ್ಟೇನಾ? ಬೆಳಿಗ್ಗೆಯಿಂದ ಅನ್ನ ತಿಂದಿಲ್ಲಪ್ಪ ನಾನು” ಎಂದು ಟವಲು ಕೊಡವಿಕೊಂಡ. ಆಗಲೇ ಅರ್ಧ ಜನ ಬಸ್ ಸ್ಟಾಂಡಿನ ಕಡೆ ತಿರುಗಿದ್ದರು. ನಾನು ಅಷ್ಟು ವರ್ಷದಲ್ಲಿ ಭಾವನವರಿಗೆ ಸಿಟ್ಟು ಬಂದದ್ದನ್ನು ನೋಡಿದ್ದು ಆವತ್ತೊಂದೇ ದಿನ.

“ನಿಂತ್ಕೊಳ್ರಪ್ಪಾ!” ಎಂದು ಕೂಗಿದರು. “ಗಂಗುಲಪ್ಪ, ನಿನ್ ಹುಳದ ಮನೆಗೆ ನಿನ್ ಹೆಂಡ್ತಿ ನಿನ್ನ ಕಾಲು ತೊಳೀದೆ ಬಿಡ್ತಾಳಾ?”

“ಎಲ್ಲಿ ಬಿಡ್ತಾಳೆ?”

“ಹುಳಕ್ಕೆ ರೋಗ ಅಂದ್ರೆ ಚಿಂತಾಮಣಿಯಿಂದ ಬಸ್ ತುಂಬ ಬರ್ತೀರ. ಇನ್‌ಸ್ಪೆಕ್ಟರು ಬರ್ತಾರೆ. ಸೈಕಲ್ ಚಕ್ರ ತೊಳೀತೀರ. ಇಲ್ಲಿ ದಿನಾ ನಲವತ್ತು ಮಕ್ಕಳು ಬರಿಗಾಲಲ್ಲಿ ಆಡ್ತಾವೆ. ಅವುಕ್ಕೆ ರೋಗ ಅಂದ್ರೆ ‘ಇಷ್ಟೇನಾ’ ಅಂತೀರ. ನಮ್ ರತ್ನನ ಕಾಲು ನೋಡ್ರಿ. ಆಮೇಲೆ ಹೋಗ್ರಿ.”

ಅಕ್ಕ ರತ್ನಳ ಕಾಲನ್ನು ಮುಂದಕ್ಕೆ ಹಿಡಿದಳು. ಮುಲಾಮಿಗೆ ಗೆರೆ ನಿಂತಿತ್ತು, ಅಳಿಸಿರಲಿಲ್ಲ. ಕೆಂಚಾರ್ಲಹಳ್ಳಿಯ ಆಂಜಿನಮ್ಮ ಎಂಬ ಹುಳ ಸಾಕುವ ಹೆಂಗಸು ಹತ್ತಿರ ಬಂದು, ಬೆರಳಿಂದ ಆ ಗೆರೆಯನ್ನು ಹಿಮ್ಮಡಿಯಿಂದ ಬೆರಳಿನವರೆಗೆ ಸವರಿ ನೋಡಿದಳು. ಬಸ್ ಸ್ಟಾಂಡಿನ ಕಡೆ ಹೊರಟವರು ಒಬ್ಬೊಬ್ಬರಾಗಿ ಹಿಂದಕ್ಕೆ ಬಂದರು.

ಕೋನಪ್ಪನವರಿಗೆ ಇದು ಸರಿಬರಲಿಲ್ಲ. “ಸಾಕಪ್ಪಾ ಭಾಷಣ! ಎಲ್ಲೋ ಕೆರೆ ಬದೀಲಿ ಆಡಿರ್ತಾಳೆ ಮಗು. ನಮ್ಮಮ್ಮನ ಹೆಸರಿನ ಪಾರ್ಕಿಗೆ ಚೀಟಿ ಅಂಟಿಸಕ್ಕೆ ನೀನ್ಯಾರು? ವೆಂಕಟೇಶ, ಕೊಡು ಆ ಪೇಪರ್ರು. ಸೈನ್ ಹಾಕ್ಸು” ಎಂದರು. ಬಯ್ಯಪ್ಪನವರೂ, “ಹಾಕ್ಬಿಡಪ್ಪ ಆವಲಪ್ಪ. ಹೊಟ್ಟೆಪಾಡು ನೋಡ್ಕೋ” ಎಂದು ಪೆನ್ನು ಕೊಟ್ಟರು.

ನಾನು ಕಾಗದ ಹಿಡಿದು ನಿಂತಿದ್ದೆ. ಭಾವ ಅದನ್ನು ಪೂರ್ತಿ ಓದಿದರು. ಎಡಗಣ್ಣು ನಿಧಾನವಾಗಿ ಮುಚ್ಚಿತು.

“ಆಗ್ಲಿ ಸಾರ್. ಸೈನ್ ಹಾಕ್ತೀನಿ” ಎಂದರು. ಅಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. “ಆದ್ರೆ ತಿರಸ್ಕಾರ ಆದ ಲಾಟನ್ನ ಸುಮ್ನೆ ಪಾಸ್ ಮಾಡಕ್ಕಾಗಲ್ಲ. ಮರುಪರೀಕ್ಷೆ ಆಗ್ಬೇಕು. ಅದನ್ನ ಲಾಟಿನ ಯಜಮಾನ್ರೇ ಮಾಡ್ಬೋದು. ತಾವು ಬೂಟ್ ಬಿಚ್ಚಿ, ಜಾರುಬಂಡೆಯಿಂದ ಉಯ್ಯಾಲೆವರ್ಗೂ ಬರಿಗಾಲಲ್ಲಿ ಒಂದ್ಸಲ ನಡೀರಿ. ನಮ್ ರತ್ನ ನಡೆದಷ್ಟೇ. ತಾವ್ ಆ ಕಡೆ ಮುಟ್ಟಿದ್ ತಕ್ಷಣ ನಾನ್ ಈ ಕಡೆ ಸೈನ್ ಹಾಕ್ತೀನಿ.”

“ಇಷ್ಟೇನಾ? ಇದೇನ್ ಮಹಾ!” ಎಂದರು ಕೋನಪ್ಪನವರು. ಬೇಲಿಯನ್ನು ಹಿಡಿದುಕೊಂಡು ಬಲಗಾಲಿನ ಬೂಟು ಬಿಚ್ಚಿದರು. ಕಾಲುಚೀಲವನ್ನೂ ಎಳೆದರು. ಹೆಬ್ಬೆರಳು ಬಿಸಿಲು ಕಂಡು ಎಷ್ಟೋ ವರ್ಷವಾಗಿದ್ದಂತಿತ್ತು. ಸರಿಯಾಗಿ ಆ ಹೊತ್ತಿಗೆ ವೆಂಕಟರತ್ನಮ್ಮನವರ ಬೆಕ್ಕು ಬೇಲಿ ದಾಟಿ ಬಂದು, ಅಷ್ಟು ಜನರನ್ನು ಲೆಕ್ಕಕ್ಕೇ ಇಡದೆ, ಜಾರುಬಂಡೆಯ ಕೆಳಗೆ ಮರಳು ಕೆದರಿ ಕೂತಿತು. ಯಾರೂ ಕರೆಸಿದ್ದಲ್ಲ, ಅದರ ಟೈಮು ಅದು. ಕೆಲಸ ಮುಗಿಸಿ, ನಾಲ್ಕು ಸಲ ಮರಳು ಮುಚ್ಚಿ, ಮೂಸಿ ನೋಡಿ, ಹೋಯಿತು.

ಕೋನಪ್ಪನವರು ಒಂಟಿಕಾಲಿನಲ್ಲಿ ನಿಂತು ಆ ಜಾಗವನ್ನೇ ನೋಡಿದರು. ಕಾಲು ಮುಂದಕ್ಕೆ ಬರಲಿಲ್ಲ.

“ನಂಗೆ ಶುಗರ್ ಐತೆ” ಎಂದರು ಕೊನೆಗೆ. “ಬರಿಗಾಲಲ್ಲಿ ನಡೀಬಾರ್ದು ಅಂತ ಡಾಕ್ಟ್ರು ಹೇಳವ್ರೆ.”

ಜನರಲ್ಲಿ ಗುಸುಗುಸು ಎದ್ದಿತು. ಯಾರೋ ಹಿಂದಿನಿಂದ ಕಿಸಕ್ಕೆಂದರು. ಕೋನಪ್ಪನವರ ಮುಖ ಕೆಂಪಾಯಿತು. ಬೆಂಚಿನ ಮೇಲೆ ಕೂತಿದ್ದ ಓಬಳಮ್ಮನವರಿಗೆ ಮಗನ ಅವಮಾನ ಸಹಿಸಲಾಗಲಿಲ್ಲ. ಬಾಯಲ್ಲಿದ್ದ ಎಲೆಯಡಿಕೆ ಉಗುಳಿ, ಸೆರಗು ಸಿಕ್ಕಿಸಿಕೊಂಡು ಎದ್ದರು.

“ನಾನ್ ನಡೀತೀನಿ ಬಿಡಪ್ಪ. ನನ್ ಹೆಸರಿನ ಪಾರ್ಕಲ್ವಾ? ನನ್ ಮಗ ಹಾಕ್ಸಿರೋ ಮರಳಲ್ಲಿ ನಂಗೇನಾಗುತ್ತೆ? ನೀನ್ ಯೋಚನೆ ಮಾಡ್ಬ್ಯಾಡ ನಾಯನಾ” ಎನ್ನುತ್ತ ಆ ಮುದುಕಿ ಬಿರುಕುಬಿಟ್ಟ ಬರಿಗಾಲುಗಳನ್ನು ಹಾಕುತ್ತ ನೇರ ಮರಳಿನ ಕಡೆ ನಡೆದರು.

“ಅಮ್ಮಾ! ಬ್ಯಾಡ!” ಕೋನಪ್ಪನವರು ಒಂದು ಬೂಟು, ಒಂದು ಬರಿಗಾಲಿನಲ್ಲಿ ಕುಂಟುತ್ತ ಓಡಿದರು. “ಕಾಲಿಡ್ಬ್ಯಾಡ ಅಮ್ಮಾ! ಅದರಲ್ಲಿ ಹುಳ ಐತೆ!”

ಓಡಿಹೋಗಿ ಅಮ್ಮನ ರಟ್ಟೆ ಹಿಡಿದರು. ಮುದುಕಿಯ ಕಾಲು ಮರಳಿಗೆ ಒಂದು ಗೇಣಿನಷ್ಟು ಈಚೆ ನಿಂತಿತು.

ಓಬಳಮ್ಮನವರು ಮಗನ ಮುಖ ನೋಡಿದರು, ಮರಳು ನೋಡಿದರು, ಆಮೇಲೆ ಅಕ್ಕನ ಸೊಂಟದ ಮೇಲಿದ್ದ ರತ್ನಳನ್ನು ನೋಡಿದರು.

“ಐತಾ?” ಎಂದು ಕೇಳಿದರು. “ಐತೆ ಅಂತ ಗೊತ್ತಿದ್ದೂ ಮಕ್ಕಳ್ನ ಬಿಟ್ಟಿದ್ಯೇನಪ್ಪ? ನನ್ ಹೆಸರು ಹಾಕಿ?”

ನಲವತ್ತು ಜನ ಕೆಲಸಗಾರರನ್ನು ಒಂದು ಗದರಿಕೆಯಲ್ಲಿ ನಿಲ್ಲಿಸುವ ಮನುಷ್ಯ ತಲೆ ತಗ್ಗಿಸಿದರು. ನನಗೆ ಅವರನ್ನು ಕಂಡು ಅಯ್ಯೋ ಅನ್ನಿಸಿತು. ಅವರು ನನ್ನ ಕೈಯಲ್ಲಿದ್ದ ಕಾಗದ ತೆಗೆದುಕೊಂಡು ನಾಲ್ಕು ಮಡಿಕೆ ಮಾಡಿ ಜೇಬಿಗೆ ಹಾಕಿಕೊಂಡು, “ನಾಳೆ ಗಾಡಿ ಕಳಿಸ್ತೀನಿ. ಮರಳು ತೆಗೆಸಿಬಿಡ್ತೀನಿ” ಎಂದರು.

“ನಾಳೆ ಬೆಳಿಗ್ಗೆ ಮಕ್ಕಳು ಬರ್ತಾವೆ ಸಾರ್. ಇವತ್ತೇ ಆಗ್ಲಿ” ಎಂದರು ಭಾವ.

ಬಯ್ಯಪ್ಪನವರು ಭಾವನವರನ್ನು ಗದರಲು ಬಾಯಿ ತೆರೆದಿದ್ದರು. ಅಷ್ಟರಲ್ಲಿ ಆಂಜಿನಮ್ಮ ಅವರ ಕಡೆ ತಿರುಗಿ, “ಇವ್ರನ್ನ ಕೆಲಸದಿಂದ ತೆಗೀತೀಯಂತೆ, ಹೌದೇನಪ್ಪ? ಪಾರ್ಕನ್ನೇ ಫೇಲ್ ಮಾಡೋ ಮನುಷ್ಯ ನಮ್ ಮೊಟ್ಟೆ ಪಾಸ್ ಮಾಡಿದ್ರೆ ಅದು ಪಾಸೇ. ಇವ್ರು ಎಲ್ಲಿರ್ತಾರೋ ನಾನ್ ಅಲ್ಲೇ ಮೊಟ್ಟೆ ತಗೊಳ್ಳೋದು” ಎಂದಳು. ಹಿಂದಿನಿಂದ ಹತ್ತಾರು ದನಿಗಳು ಹೌದೌದು ಎಂದವು. ಬಯ್ಯಪ್ಪನವರು ತೆರೆದ ಬಾಯನ್ನು ಹಾಗೆಯೇ ಮುಚ್ಚಿಕೊಂಡು, ಪಕ್ಕದಲ್ಲಿ ಮನೆ ಕಟ್ಟುತ್ತಿದ್ದವರಿಂದ ಸನಿಕೆ, ಬಾಂಡ್ಲಿ ತರಿಸಿದರು.

ಹುಳದ ಮನೆ ತೊಳೆದು ಅಭ್ಯಾಸವಿದ್ದ ಜನ ಅದು. ಕಾಲಿಗೆ ಚಪ್ಪಲಿ ಹಾಕಿಕೊಂಡರು, ಇಲ್ಲದವರು ಗೋಣಿ ಸುತ್ತಿಕೊಂಡರು. ಗಂಗುಲಪ್ಪ ಮರಳು ಹೂಳಲು ಮೂಲೆಯಲ್ಲಿ ಗುಂಡಿ ತೋಡಿದ. ಇನ್‌ಸ್ಪೆಕ್ಟರು ಮೋಟಾರ್ ಸೈಕಲ್ಲಿನಲ್ಲಿ ಹೋಗಿ ಗುಂಡಿಗೆ ಸುರಿಯಲು ಎರಡು ಮೂಟೆ ಸುಣ್ಣ ತಂದರು. ಭಾವ ಅತ್ತಿತ್ತ ಓಡಾಡುತ್ತ, ಒಂದು ಹಿಡಿಯೂ ಉಳಿಯಬಾರದೆಂದು ಎಲ್ಲರನ್ನೂ ಗೋಳುಹೊಯ್ದುಕೊಂಡರು. ನಾನೂ ಎಂಟು ಬಾಂಡ್ಲಿ ಹೊತ್ತೆ.

ಓಬಳಮ್ಮನವರು ಮಾತ್ರ ಬೆಂಚಿನಿಂದ ಏಳಲಿಲ್ಲ. ಮನೆಗೆ ಹೋಗೋಣ ನಡಿ ಎಂದು ಮಗ ಎರಡು ಸಲ ಕರೆದರು.

“ಪೂರಾ ಆಗ್ಲಿ. ಅಲ್ಲೀಗಂಟ ಬರಲ್ಲ” ಎಂದರು.

ಕೋನಪ್ಪನವರು ಬೂಟು ಹಾಕಿಕೊಂಡು, ಬಿಳಿ ಶರಟಿನ ತೋಳು ಮಡಚಿ, ತಾವೇ ಒಂದು ಬಾಂಡ್ಲಿ ಎತ್ತಿಕೊಂಡರು.